ಪೋಸ್ಟರಿನಲ್ಲಿ ಸರ್ಟಿಫಿಕೇಟ್ ಹಿಡಿದು ನಿಂತವ ನಾನೇ, ಆದರೂ ದುಡ್ಡು ಕಟ್ಟಬೇಡಿ

ನಮ್ಮ ಕಡೆಯ ಕಂಟ್ರಾಕ್ಟರುಗಳ ವಾಟ್ಸಾಪ್ ಗುಂಪುಗಳಲ್ಲಿ ಮೂರು ದಿನದಿಂದ ಒಂದು ಪೋಸ್ಟರ್ ಓಡಾಡುತ್ತಿದೆ. "ಮನೆ ಕಟ್ಟುವ ಗುತ್ತಿಗೆದಾರರಿಗೆ ಎರಡು ದಿನದ ತರಬೇತಿ, ಸರ್ಕಾರಿ ಮಾನ್ಯತೆಯ ಸರ್ಟಿಫಿಕೇಟ್, ಮುಂದಿನ ಬ್ಯಾಚ್ ಕುಂದಾಪುರ." ಅದರ ಕೆಳಗೆ ಹೆಗಲಿಗೆ ಶಾಲು ಹಾಕಿಸಿಕೊಂಡು ಹಲ್ಲು ಬಿಟ್ಟು ನಿಂತ ಆರು ಜನರಿದ್ದಾರಲ್ಲ, ಎಡದಿಂದ ಎರಡನೆಯವ ನಾನೇ. ನನ್ನನ್ನು ಕೇಳಿ ಹಾಕಿದ್ದಲ್ಲ. ನಿನ್ನೆ ಬ್ರಹ್ಮಾವರದಿಂದ ಒಬ್ಬರು ಫೋನ್ ಮಾಡಿ, "ಅಣ್ಣ, ನೀವೇ ಇದ್ದೀರಲ್ಲ ಅಂತ ನಾನೂ ಹೆಸರು ಕೊಟ್ಟೆ" ಅಂದರು. ಇನ್ನು ಸುಮ್ಮನೆ ಕೂತರೆ ಆಗುವುದಿಲ್ಲ ಅಂತ ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಸಾರಣೆ ಕೆಲಸಕ್ಕೆ ಸೇರಿ, ಮುರಕಲ್ಲು ಕಟ್ಟಲು ಕಲಿತು, ಈಗ ಹತ್ತೊಂಬತ್ತು ವರ್ಷದಿಂದ ಸುರತ್ಕಲ್‌ನಿಂದ ಕಾಪುವಿನವರೆಗೆ ಮನೆ ಕಟ್ಟಿಸುತ್ತಿದ್ದೇನೆ. ಕೆಲಸದ ಬಗ್ಗೆ ಅಂಜಿಕೆಯಿಲ್ಲ. ಆದರೆ ಈಗಿನ ಮನೆಯವರು ಮೊದಲು ಕೇಳುವುದೇ "ನಿಮ್ಮದು ಡಿಪ್ಲೊಮಾ ಉಂಟಾ?" ಅಂತ. ಆ ಪ್ರಶ್ನೆಗೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಈ ತರಬೇತಿಯವರು ನನ್ನನ್ನು ಹಿಡಿದದ್ದು ಅದೇ ಜಾಗದಲ್ಲಿ.

ನಾನು ಸೇರಿದ ಬ್ಯಾಚಿನ ಮೆಸೇಜ್ ಬಂದದ್ದು ಆಟಿ ತಿಂಗಳಲ್ಲಿ. ಮಳೆಗೆ ಕೆಲಸ ನಿಂತಿತ್ತು, ಕೈಯಲ್ಲಿ ಮೊಬೈಲ್ ಇತ್ತು. "ಮುಂದಿನ ವರ್ಷದಿಂದ ಈ ಸರ್ಟಿಫಿಕೇಟ್ ಇಲ್ಲದ ಕಂಟ್ರಾಕ್ಟರ್ ಕಟ್ಟುವ ಮನೆಗೆ ಲೈಸೆನ್ಸ್ ಸಿಗುವುದಿಲ್ಲ" ಅಂತ ಕೆಂಪು ಅಕ್ಷರದಲ್ಲಿತ್ತು. ಫೋನ್ ಮಾಡಿ ಕೇಳಿದೆ, "ಮಾನ್ಯತೆ ಯಾರದ್ದು ಸರ್?"

"ಸೆಂಟ್ರಲ್ ಗವರ್ನಮೆಂಟ್ ರಿಜಿಸ್ಟರ್ಡ್ ಮಾರಾಯ್ರೆ. ಐಎಸ್‌ಒ ಉಂಟು, ಎಂಎಸ್‌ಎಂಇ ಉಂಟು, ಇನ್ನೆಂತ ಬೇಕು ನಿಮಗೆ?"

ಇನ್ನೆಂತ ಬೇಕು ಅಂತ ನನಗೂ ಆಗ ಗೊತ್ತಿರಲಿಲ್ಲ. ಒಟ್ಟು 8,500 ರೂಪಾಯಿ. 2,000 ಯುಪಿಐಯಲ್ಲಿ ಕಳಿಸಿದೆ, ಹೋದದ್ದು ಸಂಸ್ಥೆಯ ಖಾತೆಗಲ್ಲ, ಯಾರದೋ ಸ್ವಂತ ಹೆಸರಿಗೆ. ಉಳಿದ 6,500 ಹಾಲ್‌ನ ಬಾಗಿಲಲ್ಲಿ ನಗದು. ಬಿಲ್ ಕೇಳಿದ್ದಕ್ಕೆ "ಸರ್ಟಿಫಿಕೇಟ್ ಜೊತೆ ಕೊಡ್ತೇವೆ" ಅಂದರು.

ಆ ಎರಡು ದೊಡ್ಡ ಹೆಸರುಗಳ ಬಗ್ಗೆ ಈಗ ಗೊತ್ತಾದದ್ದು ಹೇಳುತ್ತೇನೆ. ಎಂಎಸ್‌ಎಂಇ ಅಂದರೆ ಸಣ್ಣ ಉದ್ದಿಮೆಗಳು ಮಾಡಿಸುವ ಉದ್ಯಮ್ ನೋಂದಣಿ. ಅದನ್ನು ಯಾರು ಬೇಕಾದರೂ ಆಧಾರ್ ಹಾಕಿ, ತಮ್ಮ ವಿವರ ತಾವೇ ತುಂಬಿ, ಬಿಟ್ಟಿಯಾಗಿ ಮಾಡಿಸಿಕೊಳ್ಳಬಹುದು. ನನ್ನ ಹೆಂಡತಿಯ ಹಪ್ಪಳ-ಸಂಡಿಗೆಗೂ ಅದು ಉಂಟು, ಹಾಗಂತ ಅವಳು ಹಪ್ಪಳದ ಪರೀಕ್ಷೆ ಮಾಡಿ ಪಾಸ್ ಸರ್ಟಿಫಿಕೇಟ್ ಕೊಡಲಿಕ್ಕಾಗುತ್ತದಾ? ಐಎಸ್‌ಒ 9001 ಇರುವುದು ಸಂಸ್ಥೆ ತನ್ನ ಕೆಲಸವನ್ನು ಒಂದು ಕ್ರಮದಲ್ಲಿ ನಡೆಸುತ್ತದೆ ಎನ್ನುವುದಕ್ಕೆ. ಪಾಠ ಸರಿಯುಂಟು, ಸರ್ಕಾರ ಒಪ್ಪಿದೆ ಎನ್ನುವುದಕ್ಕಲ್ಲ.

ಮಂಗಳೂರಿನ ಒಂದು ಹೋಟೆಲಿನ ಹಾಲ್. ನಲವತ್ತು ಜನ ಇದ್ದೆವು. ಮೊದಲ ದಿನ ಬೆಳಿಗ್ಗೆ ದೀಪ, ಶಾಲು, ಫೋಟೋ. ಆಮೇಲೆ ಊಟದವರೆಗೆ ಒಂದು ವಾಟರ್‌ಪ್ರೂಫಿಂಗ್ ಕೆಮಿಕಲ್‌ನ ಪ್ರಚಾರ. ಬಕೆಟಿನಲ್ಲಿ ಕಲಸಿ ಹಂಚಿನ ಮೇಲೆ ಬಳಿದು, ನೀರು ಹೊಯ್ದು ತೋರಿಸಿದರು, ಊಟದ ಹೊತ್ತಿಗೆ ಆರ್ಡರ್ ಪುಸ್ತಕ ಮೇಜಿನಿಂದ ಮೇಜಿಗೆ ಬಂತು. ಕೋಳಿ ಸುಕ್ಕ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಎರಡನೇ ದಿನ ಪಾಠ ಮಾಡಿದವರಿಗೆ ನಾನೊಂದು ಪ್ರಶ್ನೆ ಕೇಳಿದೆ. ಕಡಲ ಬದಿಯ ಮನೆ, ಹೊರಗೆ ತೆರೆದಿರುವ ಬೀಮ್, ಕವರ್, ಅಂದರೆ ರಾಡಿನ ಹೊರಗೆ ಮುಚ್ಚುವ ಕಾಂಕ್ರೀಟಿನ ದಪ್ಪ, ಎಷ್ಟು ಕೊಡಬೇಕು? "ಮನೆಗೆಲ್ಲ 20 ಎಂಎಂ ಸಾಕು" ಅಂದರು. ನಾನು ಡಿಪ್ಲೊಮಾ ಓದಿದವನಲ್ಲ, ಆದರೆ ಹೆಜಮಾಡಿಯಲ್ಲಿ ಒಂದು ಮನೆಯ ಸನ್‌ಶೇಡ್ ರಿಪೇರಿ ಮಾಡಿದ್ದೇನೆ. ಸುತ್ತಿಗೆಯಲ್ಲಿ ಮೆಲ್ಲ ತಟ್ಟಿದ್ದಷ್ಟೇ, ಕಾಂಕ್ರೀಟು ಹಾಳೆ ಹಾಳೆಯಾಗಿ ಕೆಳಗೆ ಬಿತ್ತು. ಒಳಗಿನ 8 ಎಂಎಂ ರಾಡ್ ತುಕ್ಕು ತಿಂದು, ಕೈಯಲ್ಲಿ ಹಿಡಿದರೆ ಸಿಪ್ಪೆ ಸಿಪ್ಪೆಯಾಗಿ ಉದುರುತ್ತಿತ್ತು. ಉಪ್ಪು ಗಾಳಿಯ ಊರು ನಮ್ಮದು. ಮನೆಗೆ ಬಂದು, ನಮ್ಮ ಪ್ಲಾನ್ ಮಾಡಿಕೊಡುವ ಇಂಜಿನಿಯರರನ್ನು ಕೇಳಿದೆ. ಅವರು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456 ಪುಸ್ತಕ ತೆರೆದು ಕೋಷ್ಟಕವನ್ನೇ ತೋರಿಸಿದರು. 20 ಎಂಎಂ ಇರುವುದು ಉಪ್ಪಿನ ತೊಂದರೆಯೇ ಇಲ್ಲದ, ಮಳೆಬಿಸಿಲಿನಿಂದ ಮರೆಯಾದ ಜಾಗಕ್ಕೆ. ಕರಾವಳಿಯಲ್ಲಿ ಗಾಳಿಮಳೆಗೆ ತೆರೆದ ಕಾಂಕ್ರೀಟಿಗೆ 45, ಕಡಲ ನೀರೇ ಸಿಡಿಯುವಲ್ಲಿ 50. 45ರ ಜಾಗದಲ್ಲಿ ಕಾಂಕ್ರೀಟಿನ ಬಲದ ದರ್ಜೆ ಕನಿಷ್ಠ ಎಂ 30 ಇರಬೇಕು. ಅವತ್ತು ನಲವತ್ತು ಜನ 20 ಅಂತ ಬರೆದುಕೊಂಡು ಹೋಗಿದ್ದಾರೆ. 8,500 ರೂಪಾಯಿಗಿಂತ ನನ್ನನ್ನು ಕೊರೆಯುವುದು ಇದು.

ಪರೀಕ್ಷೆ ಅಂತಲೂ ಒಂದಿತ್ತು, ಇಪ್ಪತ್ತು ಪ್ರಶ್ನೆ. ಪಾಠ ಮಾಡಿದವರೇ ಎದುರು ನಿಂತು "ಏಳನೆಯದು ಬಿ, ಎಂಟನೆಯದು ಡಿ" ಅಂತ ಹೇಳಿಕೊಟ್ಟರು. ಪೇಪರ್ ನೋಡಿದ್ದೂ ಅವರೇ, ಸಹಿ ಹಾಕಿದ್ದೂ ಅವರೇ. ನಲವತ್ತಕ್ಕೆ ನಲವತ್ತು ಪಾಸ್.

ಬಣ್ಣ ಬಯಲಾದದ್ದು ಕಾಪುವಿನಲ್ಲಿ. ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರ ಮನೆ ಕೆಲಸ. ಎಸ್ಟಿಮೇಟ್ ಜೊತೆ ಸರ್ಟಿಫಿಕೇಟನ್ನೂ ಲ್ಯಾಮಿನೇಟ್ ಮಾಡಿಸಿ ಹೆಮ್ಮೆಯಿಂದ ಮೇಜಿನ ಮೇಲಿಟ್ಟೆ. ಅವರ ಮಗ ಮೊಬೈಲ್ ತೆಗೆದು ಮೂಲೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ. ಸರ್ಟಿಫಿಕೇಟ್ ಕೊಟ್ಟವರ ದಾಖಲೆ ತೆರೆಯಬೇಕಿತ್ತು, ತೆರೆದದ್ದು ಗೂಗಲ್ ಡ್ರೈವ್. ಅದರಲ್ಲಿ ಅದೇ ಸರ್ಟಿಫಿಕೇಟಿನ ಫೋಟೋ. "ಅಂಕಲ್, ಇದು ಫೋಟೋ ಅಲ್ವಾ?" ಅಂದ. ಪಾಪ, ತಮಾಷೆ ಮಾಡಿದ್ದಲ್ಲ ಅವನು. ಅವರಪ್ಪ ಮಾತು ಬದಲಿಸಿ ಕೆಂಪು ಕಲ್ಲಿನ ರೇಟು ಕೇಳಿದರು. ಎದುರಿನ ಚಹಾದ ಮೇಲೆ ಕೆನೆ ಕಟ್ಟಿತ್ತು, ಕುಡಿಯದೆ ಎದ್ದೆ. ಕೆಲಸ ಕೊನೆಗೆ ನನಗೇ ಸಿಕ್ಕಿತು, ಹಳೆಯ ಎರಡು ಮನೆ ನೋಡಿ ಬಂದು ಕೊಟ್ಟರು.

ಆಮೇಲೆ ವಿಚಾರಿಸಿದೆ. ಕಟ್ಟುವ ಲೈಸೆನ್ಸ್ ಬರುವುದು ಮನೆಯ ಯಜಮಾನರ ಹೆಸರಿಗೆ, ಪ್ಲಾನಿಗೆ ಸಹಿ ಹಾಕುವುದು ನೋಂದಾಯಿತ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್. ಖಾಸಗಿ ಮನೆ ಕಟ್ಟುವ ನನ್ನಂಥವನಿಂದ ಇಂಥ ಸರ್ಟಿಫಿಕೇಟ್ ಕೇಳುವ ನಿಯಮವೇ ಇಲ್ಲ. ಪಿಡಬ್ಲ್ಯುಡಿಯ ಕ್ಲಾಸ್ ಲೈಸೆನ್ಸ್ ಸರ್ಕಾರಿ ಕಾಮಗಾರಿ ಹಿಡಿಯುವವರಿಗೆ, ಆ ದಾರಿಯೇ ಬೇರೆ. ಕೆಂಪು ಅಕ್ಷರದ ಬೆದರಿಕೆ ಬರೀ ಗಾಳಿ.

ಹಾಗಾದರೆ ಮಾನ್ಯತೆ ಇರುವ ತರಬೇತಿ ಅಂತ ಇಲ್ಲವಾ? ಉಂಟು. 2018ರಲ್ಲಿ ಕೇಂದ್ರ ಸರ್ಕಾರ ಎನ್‌ಸಿವಿಇಟಿ ಅಂತ ವೃತ್ತಿ ತರಬೇತಿಗೆ ಒಂದು ಮಂಡಳಿ ಮಾಡಿದೆ. ಸರ್ಟಿಫಿಕೇಟ್ ಕೊಡುವ ಸಂಸ್ಥೆಗೂ ಪರೀಕ್ಷೆ ಮಾಡುವ ಸಂಸ್ಥೆಗೂ ಒಪ್ಪಿಗೆ ಕೊಡುವುದು ಅದು. ಕಟ್ಟಡ ಕೆಲಸಕ್ಕೆ ಸಿಎಸ್‌ಡಿಸಿಐ ಎಂಬ ಕೌನ್ಸಿಲ್ ಇದೆ. ಅಲ್ಲಿ ಕಲಿಸುವವರು ಬೇರೆ, ಪರೀಕ್ಷೆ ಮಾಡುವವರು ಬೇರೆ. ಪಾಸಾದವರ ಹೆಸರು ಸರ್ಕಾರದ ವೆಬ್‌ಸೈಟ್ ಆದ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್‌ನಲ್ಲಿ ದಾಖಲಾಗಿರುತ್ತದೆ. ಸೈಟಿನಲ್ಲೇ ಕಲಿತ ಮೇಸ್ತ್ರಿ, ಬಾರ್ ಬೆಂಡರ್, ಸೆಂಟ್ರಿಂಗ್‌ನವರಿಗೆ ಗೊತ್ತಿರುವ ಕೆಲಸವನ್ನೇ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಎನ್ನುವುದೂ ಉಂಟು. ಪ್ರಧಾನ ಮಂತ್ರಿ ಕೌಶಲ್ ವಿಕಾಸ್ ಯೋಜನೆಯಡಿ ನಡೆಸಿದರೆ ಅದಕ್ಕೆ ಅಭ್ಯರ್ಥಿ ಫೀಸ್ ಕಟ್ಟುವುದೇ ಇಲ್ಲ.

ನನ್ನ ದೊಡ್ಡಮ್ಮನ ಮಗ ಅಮೆರಿಕದ ಮಿನ್ನೆಸೋಟದಲ್ಲಿ ಮನೆ ಕಟ್ಟುವ ಕಂಪನಿಯಲ್ಲಿದ್ದಾನೆ. ಇದನ್ನೆಲ್ಲ ಹೇಳಿದಾಗ ನಕ್ಕ. ಅಲ್ಲಿ ಲೈಸೆನ್ಸ್ ನವೀಕರಿಸಲು ಎರಡು ವರ್ಷಕ್ಕೆ 14 ಗಂಟೆ ಪಾಠ ಕೇಳಲೇಬೇಕಂತೆ, ಅದರಲ್ಲಿ ಒಂದು ಗಂಟೆ ಎನರ್ಜಿ ಕೋಡ್ (ಇಂಧನ ಉಳಿತಾಯದ ನಿಯಮ) ಬಗ್ಗೆ, ಒಂದು ಗಂಟೆ ವ್ಯವಹಾರದ ಬಗ್ಗೆ. ಆದರೆ ಕೋರ್ಸಿಗೆ ರಾಜ್ಯದ ಕಾರ್ಮಿಕ ಇಲಾಖೆ ಒಪ್ಪಬೇಕು, ಪಾಠ ನಡೆಸುವವರು ಜವಾಬ್ದಾರಿಗೆ ಒಬ್ಬ ಸಂಯೋಜಕನನ್ನು ಇಟ್ಟುಕೊಂಡಿರಬೇಕು, ಮಾರಾಟದ ಪ್ರಚಾರಕ್ಕೆ ಒಪ್ಪಿಗೆಯೇ ಇಲ್ಲ. "ನಿಮ್ಮ ಮೊದಲ ದಿನದ ಬೆಳಿಗ್ಗೆ ಪೂರ್ತಿ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ" ಅಂದ.

ದುಡ್ಡು ವಾಪಸ್ ಕೇಳಿದೆ. ಎರಡು ಸಲ "ನೋಡುವ" ಅಂದರು, ಮೂರನೇ ಸಲ "ನೀವು ಕಂಟ್ರಾಕ್ಟರ್, ಬಿಸಿನೆಸ್ ಮಾಡುವವರು, ಗ್ರಾಹಕರಲ್ಲ, ಎಲ್ಲಿ ಬೇಕಾದರೂ ಹೋಗಿ" ಅಂತ ಹೇಳಿ ನಂಬರ್ ಬ್ಲಾಕ್ ಮಾಡಿದರು. ಇದನ್ನೂ ಹಾಗೇ ನಂಬಬೇಕಾಗಿಲ್ಲ. 2019ರ ಗ್ರಾಹಕ ಕಾಯಿದೆ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಸಾಮಾನನ್ನು ವ್ಯಾಪಾರ ಅಂತ ಲೆಕ್ಕ ಹಾಕುವುದಿಲ್ಲ. ಸೇವೆಯ ಬಗ್ಗೆ ಅಷ್ಟು ನೇರವಾಗಿ ಹೇಳಿಲ್ಲ, ಆದರೂ ಕಂಟ್ರಾಕ್ಟರ್ ಅನ್ನುವ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದೇ. ಎರಡು ವರ್ಷದೊಳಗೆ ಹೋಗಬೇಕು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅರ್ಜಿಗೆ ಶುಲ್ಕವಿಲ್ಲ.

ನನ್ನ ತೊಂದರೆ ಏನೆಂದರೆ, ಕೈಯಲ್ಲಿರುವ ಸಾಕ್ಷಿ ಆ 2,000ದ ಯುಪಿಐ ಸ್ಕ್ರೀನ್‌ಶಾಟ್ ಒಂದೇ. ನಗದಿಗೆ ಚೀಟಿಯಿಲ್ಲ. ಅವತ್ತು ಹಾಲ್‌ನಲ್ಲಿದ್ದ ಉಳಿದ ಮೂವತ್ತೊಂಬತ್ತು ಜನರಲ್ಲಿ ಯಾರ ಹತ್ತಿರವಾದರೂ ರಶೀದಿ ಇದ್ದರೆ ನನಗೆ ಮೆಸೇಜ್ ಮಾಡಿ, ಒಟ್ಟಿಗೆ ಹೋಗುವ. ಮತ್ತೆ ಬ್ರಹ್ಮಾವರದ ಅಣ್ಣ, ನೀವು ಇದನ್ನು ಓದುತ್ತಿದ್ದರೆ, ಬುಕಿಂಗ್ ಹಣ ಇನ್ನೂ ಕಳಿಸಿಲ್ಲ ತಾನೆ?