ಡೈ ಲೇಸರ್ ರಿವ್ಯೂ: ಬೆಳಕಿಗೆ ಫುಲ್ ಮಾರ್ಕ್ಸ್, ಡಿಸ್‌ಪ್ಲೇಗೆ ಸೊನ್ನೆ

ಒಂದೂವರೆ ವರ್ಷದಿಂದ ಈ ಲೇಸರ್ ಜೊತೆ ಏಗ್ತಾ ಇದೀನಿ, ಇನ್ನಾದ್ರೂ ರಿವ್ಯೂ ಬರೀಬಹುದು ಅನ್ಸ್ತು. ಕಂಪನಿ ಹೆಸರು ಹೇಳಲ್ಲ, ಕೇಳ್ಬೇಡಿ. ಪಲ್ಸ್ಡ್ ಡೈ ಲೇಸರ್, ಅಂದ್ರೆ ಬಣ್ಣದ ದ್ರಾವಣದಿಂದ ಬೆಳಕು ಹೊರಡಿಸೋ, ತರಂಗಾಂತರ ಬೇಕಾದ ಹಾಗೆ ಬದಲಾಯಿಸ್ಬಹುದಾದ ಲೇಸರ್. ಸೆಕೆಂಡಿಗೆ 10 ಪಲ್ಸ್ ಹೊಡಿಯೋ ಎನ್‌ಡಿ-ಯಾಗ್ ಅನ್ನೋ ಇನ್ನೊಂದು ಲೇಸರ್ ಅದಕ್ಕೆ ಶಕ್ತಿ ತುಂಬೋ ಪಂಪು, ಒಳಗೆ ತರಂಗಾಂತರ ಆರಿಸೋ ಎರಡು ಗ್ರೇಟಿಂಗ್, ಹೊರಗೆ ಬಿಬಿಓ ಕ್ರಿಸ್ಟಲ್ ಇಟ್ಟು ಫ್ರೀಕ್ವೆನ್ಸಿ ಡಬಲ್ (ಅಂದ್ರೆ ತರಂಗಾಂತರ ಅರ್ಧ) ಮಾಡ್ಕೋಬೇಕು.

ನಮಗೆ ಬೇಕಾಗಿದ್ದು ನೈಟ್ರಿಕ್ ಆಕ್ಸೈಡಿನ ರಿಡ್‌ಬರ್ಗ್ ಸ್ಥಿತಿಗಳು. ಅಂದ್ರೆ ಅಣುವಿನ ಒಂದು ಎಲೆಕ್ಟ್ರಾನನ್ನ ಇನ್ನೊಂಚೂರು ತಳ್ಳಿದ್ರೆ ಕಿತ್ಕೊಂಡೇ ಹೋಗುತ್ತೆ ಅನ್ನೋ ಅಂಚಿನವರೆಗೆ ಎತ್ತಿ ನಿಲ್ಸೋದು. ಎನ್ (ಎಲೆಕ್ಟ್ರಾನಿನ ಶಕ್ತಿಮಟ್ಟದ ಸಂಖ್ಯೆ) 100ರ ಮಟ್ಟಕ್ಕೆ ಹೋದ್ರೆ ಆ ಎಲೆಕ್ಟ್ರಾನ್ ಅಯಾನಿನಿಂದ ಸುಮಾರು ಅರ್ಧ ಮೈಕ್ರೋಮೀಟರ್ ದೂರದಲ್ಲಿ ಓಡಾಡ್ತಿರುತ್ತೆ, ಎರಡೇ ಪರಮಾಣು ಇರೋ ಅಣುವಿಗೆ ಇದು ಎಂಥ ಗಾತ್ರ ಯೋಚ್ನೆ ಮಾಡಿ. ಒಂದೇ ಜಿಗಿತಕ್ಕೆ ಅಲ್ಲಿಗೆ ಹೋಗೋ ಬದಲು ಎರಡು ಮೆಟ್ಲಲ್ಲಿ ಹತ್ತಿಸ್ತೀವಿ. ಮೊದಲು 226 ನ್ಯಾನೋಮೀಟರಿನ ಬೆಳಕಿಂದ ಎ ಅನ್ನೋ ಮಧ್ಯದ ಸ್ಥಿತಿಗೆ, ಅಲ್ಲಿಂದ 328ರ ಆಸುಪಾಸಿನ ಬೆಳಕಿಂದ ಅಯಾನೀಕರಣದ ಅಂಚಿಗೆ. ಮೊದಲ ಮೆಟ್ಲಿಗೆ ಹಳೇ ಲೇಸರ್ ಇತ್ತು, ಎರಡನೇದಕ್ಕೆ ಇದನ್ನ ತಂದ್ವಿ, ಡಿಸಿಎಂ ಅನ್ನೋ ಡೈ ಹಾಕಿ 655ರಿಂದ 660 ನ್ಯಾನೋಮೀಟರಿನವರೆಗೆ ಓಡಿಸಿ ಡಬಲ್ ಮಾಡೋದು.

ಮೊದಲು ಒಳ್ಳೇದು ಹೇಳ್ಬಿಡ್ತೀನಿ. ಪವರ್ ಸ್ಥಿರ, ಬೀಮ್ ಚೆನ್ನಾಗಿದೆ, ಸ್ಕ್ಯಾನ್ ಮಾಡ್ವಾಗ ಮಧ್ಯದಲ್ಲಿ ಎಗರಲ್ಲ, ಹಳೇ ಲೇಸರ್ ಬಳಸಿ ನೊಂದೋರಿಗೆ ಇದೆಷ್ಟು ದೊಡ್ಡ ವಿಷ್ಯ ಅಂತ ಗೊತ್ತು. ಮೊದಲ ವಾರದಲ್ಲೇ ಬಾಚಣಿಗೆ ಹಲ್ಲಿನ ಥರ ಸಾಲಾಗಿ ಗೆರೆಗಳು ಬಂದ್ವು, ಒಂದೊಂದು ಗೆರೆಯೂ ಒಂದೊಂದು ರಿಡ್‌ಬರ್ಗ್ ಸ್ಥಿತಿ. ಎನ್ 30ರ ಹತ್ರ ಎರಡು ಗೆರೆ ನಡುವೆ ಸುಮಾರು 8 ವೇವ್‌ನಂಬರ್ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ತರಂಗ ಅನ್ನೋ ಲೆಕ್ಕ, ಶಕ್ತಿ ಅಳೆಯೋಕೆ ಬಳಸ್ತೀವಿ) ಅಂತರ, 60ಕ್ಕೆ ಬಂದ್ರೆ ಬರೀ 1, 100ಕ್ಕೆ 0.2. ಡಬಲ್ ಆದ್ಮೇಲೆ ನಮ್ಮ ಲೈನ್‌ವಿಡ್ತ್, ಅಂದ್ರೆ ಲೇಸರ್ ಬೆಳಕು ಹರಡ್ಕೊಂಡಿರೋ ಅಗಲ, 0.1ರ ಹತ್ರ, ಹಾಗಾಗಿ ಎನ್ 60-70ರವರೆಗೆ ಗೆರೆ ಬೇರೆ ಬೇರೆ ಕಾಣುತ್ತೆ, ಆಮೇಲಾಮೇಲೆ ಒಂದಕ್ಕೊಂದು ಅಂಟ್ಕೊಂಡು ಗುಡ್ಡ ಆಗುತ್ತೆ. ಇದರಲ್ಲಿ ಲೇಸರಿನದೊಂದೇ ತಪ್ಪಿಲ್ಲ, ಚೇಂಬರ್ ಒಳಗೆ ಅಲ್ಪಸ್ವಲ್ಪ ವಿದ್ಯುತ್ ಕ್ಷೇತ್ರ ಉಳ್ಕೊಂಡಿದ್ರೂ ಸಾಕು ಮೇಲಿನ ಗೆರೆಗಳು ಕಲಸಿ ಹೋಗ್ತವೆ, ಎನ್ 100ರಲ್ಲಿರೋ ಎಲೆಕ್ಟ್ರಾನನ್ನ ಪೂರ್ತಿ ಕಿತ್ತು ಹಾಕೋಕೇ ಸೆಂಟಿಮೀಟರಿಗೆ 3 ವೋಲ್ಟ್ ಸಾಕು ಅಂದ್ಮೇಲೆ ಕಲಸೋಕೆ ಎಷ್ಟು ಬೇಕು!

ಈಗ ಲೇಸರಿನ ತರಂಗಾಂತರ ತೋರ್ಸೋ ಡಿಸ್‌ಪ್ಲೇ ಕಥೆ. ಗೆರೆಗಳನ್ನೆಲ್ಲ ರಿಡ್‌ಬರ್ಗ್ ಸೂತ್ರಕ್ಕೆ (ಎನ್‌ಗೂ ಗೆರೆಯ ಜಾಗಕ್ಕೂ ಇರೋ ಸಂಬಂಧ) ಫಿಟ್ ಮಾಡಿದ್ರೆ ಅಯಾನೀಕರಣದ ಮಿತಿ, ಅಂದ್ರೆ ಎಲೆಕ್ಟ್ರಾನ್ ಕಿತ್ಕೊಂಡು ಹೋಗೋ ಶಕ್ತಿ, ಸುಮಾರು 74,730 ವೇವ್‌ನಂಬರ್ ಬಂತು. ಎಲ್ಲರೂ ಒಪ್ಪಿರೋ ಸಂಖ್ಯೆ 74,721ರ ಹತ್ರ. ಒಂದಿಡೀ ಸಂಜೆ ನಾವೇ ಸರಿ, ಹಿಂದಿನೋರೇ ತಪ್ಪು ಅಂದ್ಕೊಂಡು ಖುಷಿಪಟ್ವಿ, ನಾಚ್ಕೆ ಆಗುತ್ತೆ ಈಗ. ನಿಜ ಏನಪ್ಪಾ ಅಂದ್ರೆ ಡಿಸ್‌ಪ್ಲೇ ತೋರ್ಸೋದು ಗಾಳಿಯಲ್ಲಿನ ತರಂಗಾಂತರ, ನಾವು ಅದನ್ನ ನಿರ್ವಾತದ್ದು ಅಂತ ಲೆಕ್ಕ ಹಾಕಿದ್ವಿ. ಗಾಳಿಯ ವಕ್ರೀಭವನ ಸೂಚ್ಯಂಕ 1.00028ರ ಹತ್ರ, ಅಂದ್ರೆ ಗಾಳಿಯಲ್ಲಿ ತರಂಗಾಂತರ ಅಷ್ಟು ಪಟ್ಟು ಕಮ್ಮಿ, ಇಷ್ಟೇ ಇಷ್ಟು ಅನ್ಸುತ್ತೆ, ಆದ್ರೆ 655ರಲ್ಲಿ ಅದು 4 ವೇವ್‌ನಂಬರ್, ಡಬಲ್ ಮಾಡಿದ್ರೆ 8. ಮೇಲೆ ಹೇಳಿದ್ನಲ್ಲ, ಎನ್ 30ರ ಹತ್ರ ಗೆರೆಗಳ ಅಂತರವೂ 8, ಆ ಜಾಗ ಒಂದನ್ನೇ ನೋಡಿದ್ರೆ ಒಂದು ಗೆರೆ ಜಾರಿ ಪಕ್ಕದ್ದರ ಮೇಲೆ ಅಚ್ಚುಕಟ್ಟಾಗಿ ಕೂತ್ಕೊಳ್ಳುತ್ತೆ, ತಪ್ಪು ಅಂತ ಗೊತ್ತೇ ಆಗಲ್ಲ. ಗಾಳಿ ಅನ್ನೋ ಪದ ಮ್ಯಾನ್ಯುಯಲ್‌ನಲ್ಲಿ ಇದೆ, ಇಲ್ಲ ಅನ್ನಲ್ಲ, ಕೊನೇ ಅನುಬಂಧದಲ್ಲಿ ಒಂದೇ ಒಂದು ಸಲ. ಸರ್ವಿಸ್‌ನೋರಿಗೆ ಬರೆದ್ರೆ "ಸ್ಪೆಕ್ ಒಳಗೇ ಇದೆ" ಅಂತ ಉತ್ತರ. ಹೌದಪ್ಪಾ ಇದೆ, ಪರದೆ ಮೇಲೆ ಒಂದು ಪದ ಬರೆಯೋಕೆ ಏನಾಗಿತ್ತು?

ಅದೂ ಸಾಲ್ದು ಅಂತ ರೂಮಿನ ಟೆಂಪರೇಚರ್ ಬದಲಾದ್ರೆ ಗ್ರೇಟಿಂಗ್ ಮೆಲ್ಲಗೆ ಸರಿಯುತ್ತೆ, ಬೆಳಿಗ್ಗೆಯ ಸ್ಕ್ಯಾನಿಗೂ ಸಂಜೆಯ ಸ್ಕ್ಯಾನಿಗೂ ತಾಳೆ ಇಲ್ಲ. ವೇವ್‌ಮೀಟರ್ (ತರಂಗಾಂತರ ಅಳೆಯೋ ಯಂತ್ರ) ಇದ್ರೆ ಸರಿ, ಇಲ್ದಿದ್ರೆ ನಿಯಾನ್ ತುಂಬಿದ ಹಾಲೋ ಕ್ಯಾಥೋಡ್ ಲ್ಯಾಂಪ್ ಒಂದು ತಗೊಳ್ಳಿ, ಲೇಸರಿನ ಒಂದಿಷ್ಟು ಬೆಳಕು ಅದರೊಳಗೆ ಬಿಟ್ರೆ, ಜಾಗ ಮೊದಲೇ ಗೊತ್ತಿರೋ ನಿಯಾನ್ ಗೆರೆ ಬಂದಾಗೆಲ್ಲ ಲ್ಯಾಂಪಿನ ಕರೆಂಟ್ ಏರುಪೇರಾಗುತ್ತೆ. 653.29 ಮತ್ತು 659.90, ಈ ಎರಡು ಗೆರೆಗಳು ನಮ್ಮ ಸ್ಕ್ಯಾನಿನ ಎರಡೂ ಕಡೆ ಗೂಟ ಹೊಡೆದ ಹಾಗೆ ಕೂತಿವೆ (ಇವೂ ಗಾಳಿಯ ಸಂಖ್ಯೆಗಳೇ, ಹುಷಾರು). ಆಮೇಲಿಂದ ಡಿಸ್‌ಪ್ಲೇ ಮೇಲೆ ಟೇಪ್ ಅಂಟಿಸಿದೀವಿ.

ಒಂದು ವಿಷಯಕ್ಕೆ ಮಾತ್ರ ಲೇಸರಿನ ಕ್ಷಮೆ ಕೇಳ್ಬೇಕು. ಕೆಲವು ಗೆರೆಗಳು ತೀರಾ ದಪ್ಪ ಬಂದಾಗ ಗ್ರೇಟಿಂಗ್ ಕೆಟ್ಟಿದೆ ಅಂತ ಬೈದು ಎರಡು ದಿನ ಅಲೈನ್‌ಮೆಂಟಲ್ಲಿ ಕಳೆದ್ವಿ. ಈ ಅಣು 52,400 ವೇವ್‌ನಂಬರಿಗೇ ಒಡೆದು ಎರಡು ಪರಮಾಣು ಆಗಬಲ್ಲದು, ನಾವು ನಿಂತಿರೋದು ಅದಕ್ಕಿಂತ ಎಷ್ಟೋ ಮೇಲೆ. ಹಾಗಾಗಿ ಕೆಲವು ಸರಣಿಗಳು (ಎಲೆಕ್ಟ್ರಾನಿನ ಕಕ್ಷೆಯ ಆಕಾರಕ್ಕೆ ತಕ್ಕಂತೆ ಪಿ, ಎಫ್ ಅಂತ ಹೆಸರು), ಅದರಲ್ಲೂ ಪಿ ಸರಣಿ, ಬೇಗ ಒಡೆದು ಹೋಗ್ತವೆ, ಆಯಸ್ಸು ಕಮ್ಮಿ ಆದ್ರೆ ಗೆರೆ ದಪ್ಪ ಆಗ್ಲೇಬೇಕು. ಎಫ್ ಸರಣಿ ಗೆರೆಗಳು ಅದೇ ಸ್ಕ್ಯಾನಲ್ಲಿ ಸಣ್ಣಗೆ ಬಂದಿದ್ವು, ನಮ್ಮ ಕಣ್ಣಿಗೆ ಬಿದ್ದಿರ್ಲಿಲ್ಲ ಅಷ್ಟೆ.

ಡೈ ಸರ್ಕ್ಯುಲೇಟರಿನ ಸೀಲ್ ಎಂಟನೇ ತಿಂಗಳಿಗೆ ಸೋರಿತು, ಕೆಳಗೊಂದು ಟ್ರೇ ಇಡಿ, ಡೈ ಮುಟ್ಟೋವಾಗ ಗ್ಲೌಸ್ ಹಾಕಿ.

ನೈಟ್ರಿಕ್ ಆಕ್ಸೈಡ್ ಥರದ, ಸುಲಭಕ್ಕೆ ಎಲೆಕ್ಟ್ರಾನ್ ಬಿಡೋ ಅಣುಗಳಿಗೆ ಕಣ್ಮುಚ್ಚಿ ತಗೊಳ್ಳಿ. ಹೈಡ್ರೋಜನ್, ನೈಟ್ರೋಜನ್ ಮಾಡೋರು ತಡೀರಿ, ಅವುಗಳ ಅಯಾನೀಕರಣಕ್ಕೆ 15 ಎಲೆಕ್ಟ್ರಾನ್ ವೋಲ್ಟಿಗಿಂತ ಜಾಸ್ತಿ ಬೇಕು, ಇದೊಂದೇ ಲೇಸರಿಟ್ಕೊಂಡು ಅಲ್ಲಿಗೆ ಹತ್ತೋದು ಕಷ್ಟ. ಐದಕ್ಕೆ ಮೂರೂವರೆ ಕೊಡ್ತೀನಿ, ಟೇಪ್ ಅಂಟಿಸಿದ ಮೇಲೆ ನಾಲ್ಕು.