ಚಟ್ನಿ ಪುಡಿಗೆ ಲೋಗೋ ಮಾಡಿಸಿದ್ದು: ಐದರಲ್ಲಿ ಮೂರು ನಕ್ಷತ್ರ

ಶೇಂಗಾ, ಗುರೆಳ್ಳು, ಅಗಸಿ ಚಟ್ನಿ ಪುಡಿ ಮಾಡಿ ಮಾರಬೇಕೆಂದು ಹೊರಟಾಗ ನಾನು ಮೊದಲು ಹೋದದ್ದು ಧಾರವಾಡದ ಒಂದು ವಿನ್ಯಾಸ ಕಚೇರಿಗೆ. ಲೋಗೋ, ಚೀಲದ ವಿನ್ಯಾಸ, ವಿಸಿಟಿಂಗ್ ಕಾರ್ಡ್, ಇನ್‌ಸ್ಟಾಗ್ರಾಂ ಪುಟ ಎಲ್ಲ ಸೇರಿ 18 ಸಾವಿರ ರೂಪಾಯಿ. ಹೇಳಿದ ದಿನಕ್ಕೆ ಮುಗಿಸಿಕೊಟ್ಟರು. ಒರಳು, ಒನಕೆಯ ಆ ಚಿತ್ರ ಇಂದಿಗೂ ನನಗೆ ಇಷ್ಟ. ‘ಚಟ್ನಿ’ಯ ಒತ್ತಕ್ಷರ ಸರಿಯಾಗಿ ಕೂರುವವರೆಗೆ ಅಲ್ಲಿನ ಹುಡುಗ ನಾಲ್ಕು ಸಲ ತಿದ್ದಿದ. ಅವನ ಕೆಲಸಕ್ಕೆ ಪೂರ್ಣ ಅಂಕ.

ಆ ಎರಡು ತಿಂಗಳು ವ್ಯಾಪಾರ ಶುರುವಾಗಿದೆ ಎಂದೇ ನಂಬಿದ್ದೆ. ಬಣ್ಣ ಆರಿಸುವುದು, ಕಾರ್ಡ್ ಹಂಚುವುದು, ನೆಂಟರ ಮೆಚ್ಚುಗೆ ಓದುವುದು. ಸಂಜೆಗೆ ದುಡಿದ ದಣಿವೂ ಆಗುತ್ತಿತ್ತು. ಮಾರಿದ್ದು ಮಾತ್ರ ಒಂದು ಕಿಲೋ ಕೂಡ ಇಲ್ಲ. ಪುಡಿ ಎಷ್ಟು ದಿನ ಕೆಡದೆ ಇರುತ್ತದೆ ಎಂದು ಕಚೇರಿಯವರು ಕೇಳಲಿಲ್ಲ, ನಾನೂ ಇಟ್ಟು ನೋಡಿರಲಿಲ್ಲ.

ಅವರೇ ಆರಿಸಿದ, ಒಳಪದರವಿಲ್ಲದ ಕಂದು ಕಾಗದದ ಚೀಲ ನೋಡಲು ಅಂದ. 2,000 ಚೀಲ ಅಚ್ಚು ಹಾಕಿಸಿದೆ. ಹುರಿದ ಶೇಂಗಾ ಕುಟ್ಟಿದರೆ ಎಣ್ಣೆ ಬಿಡುತ್ತದೆ, ನಮ್ಮ ಕಡೆ ಮಕ್ಕಳಿಗೂ ಇದು ಗೊತ್ತು. ಮೂರನೆಯ ವಾರಕ್ಕೆ ಚೀಲದ ತಳದಿಂದ ಎದ್ದ ಕಲೆ ಒರಳಿನ ಚಿತ್ರದವರೆಗೂ ಏರಿತ್ತು. ಬಾಯಿ ಬಿಚ್ಚಿದರೆ ಕಮಟು ವಾಸನೆ. ಪುಡಿ ಕಾಣಲೆಂದು ಮುಂದೆ ಪಾರದರ್ಶಕ ಕಿಟಕಿ ಬೇರೆ. ಗಾಳಿಯ ಜೊತೆ ಬೆಳಕೂ ಸೇರಿದರೆ ಶೇಂಗಾ ಎಣ್ಣೆ ಬೇಗ ಕೆಡುತ್ತದೆ. “ಅಕ್ಕಾ, ರುಚಿಗೆ ಹೆಸರಿಡುವ ಹಾಗಿಲ್ಲ. ಆದರೆ ಇದನ್ನು ಇಟ್ಟರೆ ಪಕ್ಕದ ಸಾಮಾನಿಗೂ ಎಣ್ಣೆ ಹತ್ತುತ್ತದೆ” ಎಂದು ಕಿರಾಣಿ ಅಂಗಡಿಯವರು ಹನ್ನೆರಡು ಚೀಲ ವಾಪಸು ಕೊಟ್ಟರು. ಅವನ್ನು ಮನೆಗೆ ಹೊತ್ತು ತಂದ ಸಂಜೆ ನನಗೆ ಊಟ ಸೇರಲಿಲ್ಲ.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ) ಕೊಡುವ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆಗೆ ವಿನ್ಯಾಸದಲ್ಲಿ ಜಾಗವೇ ಇರಲಿಲ್ಲ. ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನಾಂಕ ಬರೆಯಲೂ ಇಲ್ಲ. ಆಹಾರದ ಪೊಟ್ಟಣ ವಿನ್ಯಾಸ ಮಾಡಲು ಹಣ ಪಡೆಯುವವರಿಗೆ ಇಷ್ಟು ತಿಳಿದಿರಲೇಬೇಕು. ಎರಡು ನಕ್ಷತ್ರ ಕಡಿಮೆ ಮಾಡಿದ್ದು ಇದಕ್ಕೇ.

ಈಗ ಒಳಪದರವಿರುವ ಸಾದಾ ಚೀಲಕ್ಕೆ ಸ್ಟಿಕರ್ ಅಂಟಿಸಿ, ಜೋಳದ ರೊಟ್ಟಿ ಮಾಡಿ ಮಾರುವ ಎರಡು ಮನೆಗಳಿಗೆ ಮತ್ತು ಒಂದು ವಿದ್ಯಾರ್ಥಿನಿಲಯಕ್ಕೆ ವಾರಕ್ಕೆ ಒಂಬತ್ತು ಕಿಲೋ ಕೊಡುತ್ತಿದ್ದೇನೆ. ಆ ಕಚೇರಿಗೆ ಹೋಗುವವರು ಲೋಗೋ ಧಾರಾಳವಾಗಿ ಮಾಡಿಸಿಕೊಳ್ಳಿ. ಚೀಲಕ್ಕೆ ಮುಂಗಡ ಕೊಡುವ ಮೊದಲು ಮಾದರಿಯೊಂದನ್ನು ಕೇಳಿ ತಂದು, ನಿಮ್ಮ ಪುಡಿ ತುಂಬಿ, ಒಂದು ತಿಂಗಳು ಕಪಾಟಿನಲ್ಲಿಟ್ಟು ಬಿಚ್ಚಿ ನೋಡಿ.