ಎರಡು ವರ್ಷ ಓಡಿಸಿದ ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ: 80ರಲ್ಲಿ ನಡುಗುತ್ತಿದ್ದದ್ದು ಯಾಕೆ?

ಮೈಲೇಜ್, ಸೀಟು, ಬೂಟ್ ಜಾಗ ಎಲ್ಲ ನೀವು ನೋಡಿಯೇ ಇರುತ್ತೀರಿ. ನಾನು ಬರೆಯಲು ಕೂತದ್ದು ನಡುಕದ ಬಗ್ಗೆ. ಕಂಪನಿ ಹೆಸರು ಬೇಡ, ತಪ್ಪು ಅವರದ್ದಲ್ಲ. ಹಿಂದಿನ ಚಕ್ರ ಎಳೆಯುವ, ಹಿಂದೆ ಲೀಫ್ ಸ್ಪ್ರಿಂಗ್ ಇರುವ ಏಳು ಸೀಟಿನ ಗಾಡಿ. 84,000 ಕಿ.ಮೀ. ಓಡಿತ್ತು. 3,60,000 ಕೊಟ್ಟು ತಂದೆ. ಅದಕ್ಕಿಂತ ಜಾಸ್ತಿ ನನ್ನ ಕೈಲಿ ಆಗುತ್ತಿರಲಿಲ್ಲ.

ಕೊಳ್ಳುವ ದಿನ ಬಳ್ಳಾರಿ ಊರೊಳಗೇ ಒಂದು ಸುತ್ತು ಹಾಕಿಸಿದರು. ಆ ಟ್ರಾಫಿಕ್ಕಿನಲ್ಲಿ 40 ದಾಟಿದರೆ ಕೇಳಿ! ಅಲ್ಲೇ ನಾನು ಎಡವಿದ್ದು. ಅಕ್ಕಿ ಗಿರಣಿಗಳ ಲೆಕ್ಕ ಬರೆಯುವ ಕೆಲಸಕ್ಕೆ ವಾರಕ್ಕೆ ಮೂರು ಸಲ ಸಿರುಗುಪ್ಪಕ್ಕೆ ಹೋಗುತ್ತೇನೆ. ಮೊದಲ ಸಲ ತೆಕ್ಕಲಕೋಟೆ ದಾರಿಯಲ್ಲಿ ಮುಳ್ಳು 65ಕ್ಕೆ ಬಂದಾಗ ಸೀಟಿನ ಕೆಳಗೆ ಗುಂಯ್ ಅಂತ ಶುರುವಾಯಿತು. 80ಕ್ಕೆ ಬಂದಾಗ ಡ್ಯಾಶ್‌ಬೋರ್ಡ್ ಮೇಲಿನ ನೀರಿನ ಬಾಟಲಿಯಲ್ಲಿ ಸಣ್ಣ ಸಣ್ಣ ಅಲೆ. ಹಿಂದೆ ಕೂತಿದ್ದ ಅಮ್ಮ, "ಮಿಕ್ಸಿ ಮ್ಯಾಲೆ ಕುಂತಂಗೈತಲ್ಲೋ" ಅಂದಳು.

ಆಮೇಲೆ ದುಡ್ಡು ಸುರಿಯುವ ಆಟ. ಒಂದು ಕಡೆ ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿದರು. ಹೋಗಲಿಲ್ಲ. ಟೈರ್ ಉಬ್ಬಿದೆ ಅಂದರು, ಎರಡು ಹೊಸ ಟೈರ್ ಹಾಕಿಸಿದೆ, 11,000. ಇನ್ನೊಂದು ಗ್ಯಾರೇಜಿನಲ್ಲಿ ಎಂಜಿನ್ ಮೌಂಟಿಂಗ್ ಬದಲಾಯಿಸಿದರು, 4,500. ನಿಂತಾಗ ಗಾಡಿ ಮೆತ್ತಗಾಯಿತು, ನಿಜ. 80ರಲ್ಲಿ ಮತ್ತದೇ ಮಿಕ್ಸಿ. ಮೂರು ತಿಂಗಳಿಗೇ ಮಾರಿಬಿಡೋಣ ಅನ್ನಿಸಿತ್ತು. ಆಗ ಬರೆದಿದ್ದರೆ ಇದಕ್ಕೆ ಒಂದು ಸ್ಟಾರೂ ಕೊಡುತ್ತಿರಲಿಲ್ಲ.

ಕೊನೆಗೆ ಗಿರಣಿಯ ಲಾರಿ ಡ್ರೈವರ್ ಒಬ್ಬರು ಒಬ್ಬ ಚಾಚಾ ಹತ್ತಿರ ಕಳಿಸಿದರು. ಅದಿರು ಲಾರಿಗಳ ಕಾಲದಿಂದ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದ ಕಡೆಗೆ ಶಕ್ತಿ ಒಯ್ಯುವ, ತಿರುಗುವ ಉದ್ದ ಕೊಳವೆ) ಕೆಲಸ ಮಾಡಿದವರು. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿಯ ಗಣಿಗಾರಿಕೆ ನಿಲ್ಲಿಸಿದಾಗ ಎಷ್ಟೋ ಲಾರಿಗಳು ಸಾಲಾಗಿ ನಿಂತವಲ್ಲ, ಆಗಿನಿಂದ ಸಣ್ಣ ಗಾಡಿಗಳಿಗೂ ಕೈ ಹಾಕಿದ್ದಾರಂತೆ. ಅವರು ಬಾನೆಟ್ ಎತ್ತಲೇ ಇಲ್ಲ. ಪಕ್ಕದ ಸೀಟಿನಲ್ಲಿ ಕೂತು "ನಡೀರಿ" ಅಂದರು.

ಖಾಲಿ ರಸ್ತೆಯಲ್ಲಿ 80ಕ್ಕೆ ಹೋದಾಗ ಗೇರ್ ನ್ಯೂಟ್ರಲ್‌ಗೆ ಹಾಕಿಸಿದರು. ಎಂಜಿನ್ ಸ್ಪೀಡ್ ಇಳಿಯಿತು, ನಡುಕ ಇಳಿಯಲಿಲ್ಲ. ಅಲ್ಲಿಗೆ ಎಂಜಿನ್, ಕ್ಲಚ್ ಎರಡರ ಮೇಲಿನ ಅನುಮಾನವೂ ಹೋಯಿತು. "ಸ್ಟೇರಿಂಗ್ ಅಲ್ಲಾಡ್ತದಾ?" ಇಲ್ಲ. ಹಾಗಾದರೆ ಮುಂದಿನ ಚಕ್ರವೂ ಅಲ್ಲ. ಮನೆಗೆ ಬಂದು ನಾನೇ ಲೆಕ್ಕ ಹಾಕಿದೆ (ಚಟ, ಏನು ಮಾಡೋದು). 80ರಲ್ಲಿ ಚಕ್ರ ಸೆಕೆಂಡಿಗೆ ಹತ್ತು, ಹನ್ನೊಂದು ಸುತ್ತು. ಪ್ರೊಪೆಲ್ಲರ್ ಶಾಫ್ಟ್ ಅದರ ಸುಮಾರು ನಾಲ್ಕು ಪಟ್ಟು. ಚಕ್ರದ ತೊಂದರೆಯಾದರೆ ಗಡಗಡ ಅಲ್ಲಾಡಬೇಕು, ಹೀಗೆ ಗುಂಯ್ ಅನ್ನಬಾರದು.

ಆದರೆ ನನಗೆ ಹಿಡಿಸಿದ್ದು ಅವರ ಇನ್ನೊಂದು ಪ್ರಶ್ನೆ: "ಲೋಡ್ ಹಾಕಿದ್ರೆ ಜಾಸ್ತಿನಾ, ಕಮ್ಮಿನಾ?" ಕಮ್ಮಿ! ನಾಲ್ಕು ಮೂಟೆ ಸೋನಾ ಮಸೂರಿ ತಂದ ದಿನ ಗಾಡಿ ಎಷ್ಟು ಮೆತ್ತಗೆ ಬಂದಿತ್ತು. ಸುಮ್ನೆ ಭಾರಕ್ಕೆ ಅಂದುಕೊಂಡಿದ್ದೆ. ಭಾರ ಬಿದ್ದರೆ ಗಾಡಿ ಕುಗ್ಗುತ್ತದೆ, ಶಾಫ್ಟಿನ ಓರೆ ಕಡಿಮೆಯಾಗುತ್ತದೆ. ಆಗ ನಡುಕವೂ ಕಡಿಮೆಯಾದರೆ ಶಾಫ್ಟಿನ ತುದಿಯ ಜಾಯಿಂಟ್ ನೋಡಬೇಕಂತೆ.

ಕೆಳಗೆ ಮಲಗಿ ಕೆಂಪು ಧೂಳು ಮೆತ್ತಿದ್ದ ಗ್ರೀಸನ್ನು ಕೆರೆದರು. ಶಾಫ್ಟ್ ಎರಡು ತುಂಡು, ಹಲ್ಲಿಗೆ ಹಲ್ಲು ಸೇರಿ ಒಂದರೊಳಗೊಂದು ಕೂರುತ್ತದೆ. ಎರಡರ ಮೇಲೂ ಬಾಣದ ಗುರುತು ಕಾಣಿಸಿತು. ಒಂದು ಬಾಣಕ್ಕೆ ಇನ್ನೊಂದು ಎದುರಾಗಿರಲಿಲ್ಲ. ಎರಡು ಹಲ್ಲು ಆಚೆ! ಹಿಂದೆ ಯಾರೋ ಕ್ರಾಸ್ (ಜಾಯಿಂಟಿನೊಳಗಿನ ಕೂಡುವ ಗುರುತಿನಂಥ ತುಂಡು) ಬದಲಾಯಿಸಲು ಶಾಫ್ಟ್ ಬಿಚ್ಚಿದ್ದಾರೆ, ಗುರುತು ನೋಡದೆ ಸೇರಿಸಿದ್ದಾರೆ. ಓರೆಯಲ್ಲಿ ತಿರುಗುವ ಕ್ರಾಸ್ ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟನ್ನು ಒಂದಿಷ್ಟು ಓಡಿಸಿ, ಒಂದಿಷ್ಟು ತಡೆಯುತ್ತದೆ. ಇನ್ನೊಂದು ತುದಿಯ ಕ್ರಾಸ್ ಅದನ್ನು ಸರಿದೂಗಿಸಬೇಕು. ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸ್ ಹಿಡಿಯುವ ಕಿವಿಗಳು ಒಂದೇ ನೇರದಲ್ಲಿದ್ದರೆ ಮಾತ್ರ ಅದು ಆಗುತ್ತದೆ.

ಹೊರಗೆಳೆದು, ತಿರುಗಿಸಿ, ಒಳಗೆ ತಳ್ಳಿದರು. ಯಾವ ಸಾಮಾನೂ ಬೇಕಾಗಲಿಲ್ಲ. ಕೂಲಿ 600. ಮೊದಲು ಕಳೆದದ್ದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ, ಬಿಡಿ.

ಅವತ್ತಿನಿಂದ ಗಾಡಿ ಮೇಲೆ ಸ್ವಲ್ಪ ಪ್ರೀತಿ ಬಂದಿದೆ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹಳೇ ಲುಂಗಿ ಬಟ್ಟೆಯಲ್ಲಿ ಕ್ರಾಸಿಗೆ ಗ್ರೀಸ್ ತುಂಬುವ ನಿಪ್ಪಲ್ ಒರೆಸುತ್ತೇನೆ. ಧೂಳಿದ್ದ ಹಾಗೇ ಗ್ರೀಸ್ ಗನ್ ಒತ್ತಿದರೆ ಅದೂ ಒಳಗೆ ಹೋಗುತ್ತದೆ. ನಿಧಾನವಾಗಿ ಒತ್ತಬೇಕು. ಕ್ರಾಸಿನ ನಾಲ್ಕೂ ಕಡೆ ಮೊದಲು ಕಪ್ಪು ಗ್ರೀಸ್ ಇಣುಕುತ್ತದೆ, ಆಮೇಲೆ ಹೊಸದು. ಅಷ್ಟು ಕಂಡ ಮೇಲೆ ಕೈ ತೊಳೆದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಲು ಹೊರಟೆ.

ಈಗ 1,12,000 ಆಗಿದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಹಿಂದಿನ ಬಾಗಿಲಿಗೆ. ರಬ್ಬರ್ ಎರಡು ಸಲ ಹಾಕಿಸಿದರೂ ಧೂಳು ಒಳಗೆ ಬರುತ್ತಿದೆ. ಇದೇ ಗಾಡಿ ಇಟ್ಟುಕೊಂಡವರು ಯಾರಾದರೂ ಅದನ್ನು ನಿಲ್ಲಿಸಿದ್ದರೆ ಹೇಗಂತ ಹೇಳಿ.